ಶೈಲಾಳಿಗೆ, ಸೋಮವಾರದ ಪೋಷಕರ ಸಭೆಗೆ ಮುನ್ನ

ತಾಯಿ ಶೈಲಾ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಮೊಬೈಲ್ ಗುಂಪಿನಲ್ಲಿ ಮಾತನಾಡಿ ಹಾಕಿದ್ದನ್ನು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಕೇಳಿಸಿಕೊಂಡೆ. ಸೋಮವಾರ ಶಾಲೆಯಲ್ಲಿ ಪೋಷಕರ ಸಭೆ ಇದೆ, ಹೊಸ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ರಚನೆಯಾಗುತ್ತದೆ, ನೀನು ನಿಲ್ಲಬೇಕೆಂದು ಹೆಡ್‌ಮಾಸ್ಟರೂ ಪಂಚಾಯಿತಿ ಮೆಂಬರೂ ಮನೆಗೆ ಬಂದು ಹೇಳಿದ್ದಾರೆ, ಅಧ್ಯಕ್ಷೆಯಾದರೂ ಸಹಿ ಹಾಕುವುದಷ್ಟೇ ಕೆಲಸ ಎನ್ನುತ್ತಾರೆ, ಆದರೂ ಭಯವಾಗುತ್ತಿದೆ, ಏನು ಮಾಡಲಿ ದೊಡ್ಡಮಾವ ಎಂದು ಕೇಳಿದ್ದೀಯೆ. ನಿನ್ನ ಭಯ ಸರಿಯಾಗಿಯೇ ಇದೆ. ‘ಸಹಿ ಹಾಕುವುದಷ್ಟೇ ಕೆಲಸ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಎದೆ ಝಲ್ಲೆಂದಿತು, ಏಕೆಂದರೆ 20 ವರ್ಷಗಳ ಹಿಂದೆ ನಮ್ಮ ಹಳೇ ಮನೆಯ ಜಗಲಿಯ ಮೇಲೆ ಕುಳಿತು ಇದೇ ಮಾತನ್ನು ನನಗೂ ಹೇಳಿದ್ದರು.

ಅದು ನೀನು ಈ ಮನೆಗೆ ಬರುವುದಕ್ಕಿಂತ ಮುಂಚಿನ ಸಂಗತಿ. ನಿನ್ನ ಗಂಡ ರವಿ ನಿನಗೆ ಅರ್ಧ ಹೇಳಿರಬಹುದು, ಪೂರ್ತಿ ಅವನಿಗೂ ಗೊತ್ತಿಲ್ಲ. 2005ರಲ್ಲಿ ನಾನು ನಮ್ಮ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷನಾದೆ. ನನ್ನ ಮಗಳು ಸವಿತಾ ಆಗ ನಾಲ್ಕನೆಯ ತರಗತಿಯಲ್ಲಿದ್ದಳು. ಈ ಸಮಿತಿಗಳು ಬಂದದ್ದು 2001ರಲ್ಲಿ, ನಮ್ಮ ತಿಪಟೂರಿನಲ್ಲೇ ಹುಟ್ಟಿದ ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆ ಸರ್ಕಾರಕ್ಕೆ ಶಿಫಾರಸು ಮಾಡಿದ ಮೇಲೆ. ಅದಕ್ಕೂ ಮುಂಚೆ ಶಾಲೆಯ ವಿಚಾರವೆಂದರೆ ಊರ ಯಜಮಾನರು ನಾಲ್ಕು ಜನ ಸೇರಿ ಮಾತನಾಡುವುದಾಗಿತ್ತು, ಅವರಲ್ಲಿ ಎಷ್ಟೋ ಜನರ ಮಕ್ಕಳು ಆ ಶಾಲೆಯಲ್ಲಿ ಓದುತ್ತಲೇ ಇರಲಿಲ್ಲ. ಮಕ್ಕಳನ್ನು ಕಳಿಸುವ ತಂದೆ ತಾಯಂದಿರೇ ಶಾಲೆಯನ್ನು ನೋಡಿಕೊಳ್ಳಲಿ ಎಂಬ ಮಾತು ನನಗೆ ಬಹಳ ಹಿಡಿಸಿತ್ತು. ಅದಕ್ಕೇ ನಿಂತೆ, ಸಂತೋಷದಿಂದ ನಿಂತೆ. ಅವಿರೋಧವಾಗಿ ಆರಿಸಿದರು, ಹೂವಿನ ಹಾರ ಹಾಕಿದರು.

ಆಗ ಸರ್ವ ಶಿಕ್ಷಣ ಅಭಿಯಾನದ ಹಣದಲ್ಲಿ ನಮ್ಮ ಶಾಲೆಗೆ ಒಂದು ಕೊಠಡಿ ಮಂಜೂರಾಯಿತು. ಆ ಯೋಜನೆಯಲ್ಲಿ ಕಂಟ್ರಾಕ್ಟರಿಗೆ ಕೊಡುವಂತಿರಲಿಲ್ಲ, ಸಮಿತಿಯೇ ಸಿಮೆಂಟು, ಮರಳು, ಕಬ್ಬಿಣ ತಂದು, ಗಾರೆಯವರನ್ನು ಹಿಡಿದು ಕಟ್ಟಿಸಬೇಕಿತ್ತು. ಹಣ ಅಧ್ಯಕ್ಷರ ಮತ್ತು ಮುಖ್ಯ ಶಿಕ್ಷಕರ ಜಂಟಿ ಖಾತೆಗೆ ಕಂತು ಕಂತಾಗಿ ಬರುತ್ತಿತ್ತು, ಇಬ್ಬರ ಸಹಿಯೂ ಇದ್ದರೆ ಮಾತ್ರ ಚೆಕ್ ಪಾಸಾಗುತ್ತಿತ್ತು. ಇಬ್ಬರ ಸಹಿ ಏಕೆ ಬೇಕೆಂದು ನಿಯಮ ಮಾಡಿದರು ಎಂಬುದನ್ನು ನಾನು ಆಗ ಒಂದು ದಿನವೂ ಕುಳಿತು ಯೋಚಿಸಲಿಲ್ಲ, ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತು.

ಆ ದಿನ ಹಟ್ಟಿಯಲ್ಲಿ ಕಾಯಿ ಸುಲಿಸುತ್ತಿದ್ದೆವು, ಏಳು ಜನ ಆಳು, ಮಧ್ಯಾಹ್ನದ ಊಟದ ಹೊತ್ತು. ಆಗಿನ ಮುಖ್ಯ ಶಿಕ್ಷಕರು ಸೈಕಲ್ಲಿನಲ್ಲಿ ಬಂದು, ‘ಯಜಮಾನರೇ, ನಿಮಗೂ ಕೆಲಸ, ಸಿಮೆಂಟಿನ ಅಂಗಡಿಯವರು ಒಂದೊಂದು ದಿನ ಒಂದೊಂದು ಬಿಲ್ಲು ಕೊಡುತ್ತಾರೆ, ನಿಮ್ಮನ್ನು ಪ್ರತಿಸಾರಿ ಬ್ಯಾಂಕಿಗೆ ಅಲೆಸುವುದು ನನಗೂ ಸಂಕೋಚ’ ಎಂದು ಚೆಕ್ ಪುಸ್ತಕ ತೆಗೆದರು. ನನ್ನ ಕೈಯಲ್ಲಿ ತೆಂಗಿನ ಮಟ್ಟೆಯ ಕರೆ ಹತ್ತಿತ್ತು. ಪಂಚೆಗೆ ಒರೆಸಿಕೊಂಡು, ಅವರದೇ ಪೆನ್ನಿನಲ್ಲಿ, ಆರು ಖಾಲಿ ಚೆಕ್ಕಿಗೆ ಸಹಿ ಹಾಕಿದೆ. ಮೂರನೆಯ ಚೆಕ್ಕಿನ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಕಂದು ಗುರುತು ಮೂಡಿತು. ಪರವಾಗಿಲ್ಲ, ನಡೆಯುತ್ತದೆ ಎಂದರು. ನಿನ್ನ ದೊಡ್ಡತ್ತೆ ಮಜ್ಜಿಗೆ ತಂದುಕೊಟ್ಟಳು, ಕುಡಿದು ಹೋದರು.

ಕೊಠಡಿ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲು ಕಿಟಕಿಯ ಮೇಲಂಚಿಗೆ, ಬಂದು ನಿಂತಿತು. ಮುಂದಿನ ಕಂತು ಏಕೆ ಬರಲಿಲ್ಲವೆಂದು ಕೇಳಿದರೆ, ಎಂಜಿನಿಯರು ಅಳತೆ ಬರೆದ ಕೆಲಸಕ್ಕೂ ತೆಗೆದ ಹಣಕ್ಕೂ ತಾಳೆಯಾಗುತ್ತಿಲ್ಲ ಎಂಬ ಉತ್ತರ ಬಂತು. ಅಷ್ಟರಲ್ಲಿ ಮುಖ್ಯ ಶಿಕ್ಷಕರಿಗೆ ಬೇರೆ ತಾಲ್ಲೂಕಿಗೆ ವರ್ಗವಾಗಿ ಹೋಗಿತ್ತು. 2007ರಲ್ಲಿ ನನ್ನ ಹೆಸರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಬಂತು. ಕಚೇರಿಗೆ ಹೋದಾಗ ಆ ಆರು ಚೆಕ್ಕುಗಳ ನಕಲನ್ನು ನನ್ನ ಮುಂದೆ ಹರಡಿ, ‘ಇದು ನಿಮ್ಮ ಸಹಿಯೇ?’ ಎಂದು ಕೇಳಿದರು. ಕಂದು ಗುರುತು ನಕಲಿನಲ್ಲಿ ಕಪ್ಪಾಗಿ ಬಂದಿತ್ತು. ನನ್ನದೇ ಎಂದೆ, ಅಲ್ಲವೆಂದು ಹೇಗೆ ಹೇಳಲಿ? ನಗದು ಪುಸ್ತಕದಲ್ಲಿ ಬರೆದಿದ್ದ ಸಿಮೆಂಟಿನ ಚೀಲಗಳಲ್ಲಿ ಅರ್ಧದಷ್ಟೂ ಗೋಡೆಯಲ್ಲಿ ಇರಲಿಲ್ಲ. ಖರೀದಿಗೆ ಸಮಿತಿಯ ಒಪ್ಪಿಗೆ ಇದೆಯೆಂದು ತೋರಿಸುವ ನಡಾವಳಿಯ ಕೆಳಗೂ ನನ್ನ ಸಹಿಯೇ ಇತ್ತು, ಆ ಪುಟವನ್ನೂ ಬರೆಯುವ ಮುಂಚೆಯೇ ನನ್ನಿಂದ ಸಹಿ ಹಾಕಿಸಿಕೊಂಡಿದ್ದರು. ನನ್ನ ಪಾಲಿಗೆ 38,000 ರೂಪಾಯಿ ಕಟ್ಟಬೇಕಾಯಿತು. ಅಟ್ಟದ ಮೇಲಿದ್ದ ಕಾಯಿ ಒಣಗಿ ಉಂಡೆ ಕೊಬ್ಬರಿಯಾಗಲು ಇನ್ನೂ ಆರು ತಿಂಗಳು ಬೇಕಿತ್ತು. ಎಲ್ಲವನ್ನೂ ಇಳಿಸಿ ಬರೀ ಕಾಯಿಯ ಬೆಲೆಗೆ ಮಾರಿದೆ.

ಆದ್ದರಿಂದ ಹೇಳುತ್ತೇನೆ ತಾಯಿ, ಖಾಲಿ ಚೆಕ್ಕಿಗಾಗಲಿ ಖಾಲಿ ಪುಟಕ್ಕಾಗಲಿ ಯಾರು ಎಷ್ಟೇ ಒಳ್ಳೆಯ ಮಾತಿನಲ್ಲಿ ಕೇಳಿದರೂ ಸಹಿ ಹಾಕಬೇಡ.

ಹಣ ಹೋದದ್ದನ್ನು ನಾನು ಮರೆತೆ. ಮರೆಯಲಾಗದ್ದು ಬೇರೆ ಇದೆ. ಆರನೆಯ ತರಗತಿಯಲ್ಲಿದ್ದ ಸವಿತಾ ಒಂದು ಸಂಜೆ ಚೀಲವನ್ನು ಬಾಗಿಲಲ್ಲೇ ಬಿಸಾಕಿ, ‘ಅಪ್ಪಾ, ನೀನು ಸಿಮೆಂಟು ತಿಂದಿದ್ದೀಯಂತೆ’ ಎಂದು ಅತ್ತಳು. ಅರ್ಧ ಕಟ್ಟಿದ ಆ ಗೋಡೆಯ ಮುಂದೆಯೇ ಅವಳು ದಿನಾ ಪ್ರಾರ್ಥನೆಗೆ ನಿಲ್ಲಬೇಕಿತ್ತು. ಸಮಿತಿಯ ಉಳಿದ ಸದಸ್ಯರೆಲ್ಲ ನಮಗೇನೂ ಗೊತ್ತಿಲ್ಲ ಎಂದು ಬರೆದುಕೊಟ್ಟರು. ನಿಜ, ಅವರಿಗೆ ಗೊತ್ತಿರಲಿಲ್ಲ, ಆದರೆ ಎರಡು ವರ್ಷ ಒಂದು ಸಭೆಗೂ ಬಾರದೆ ಮನೆಗೆ ತಂದ ಪುಸ್ತಕದಲ್ಲಿ ಸಹಿ ಹಾಕಿದವರು ಅವರೂ ಅಲ್ಲವೇ? ಈ ಗುಂಪಿನಲ್ಲಿ ಇರುವವರಿಗೂ ಹೇಳುತ್ತೇನೆ, ಯಾರೂ ತಪ್ಪು ತಿಳಿಯಬಾರದು. ನಾನು ನಾಲ್ಕು ಸಲ ಕಚೇರಿಗೆ ಅಲೆದೆ. ಒಡಹುಟ್ಟಿದವರು ಮೂವರು ಇದ್ದಿರಿ, ಅಣ್ಣಾ ನಾನೂ ಬರುತ್ತೇನೆ ನಡೆ ಎಂದು ಒಬ್ಬರೂ ಬಸ್ಸು ಹತ್ತಲಿಲ್ಲ. ಹಣ ಕೇಳಿರಲಿಲ್ಲ ನಾನು, ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬರು ಕುಳಿತಿದ್ದರೆ ಸಾಕಿತ್ತು. ಊರಿನವರ ಮಾತು ಇನ್ನೊಂದು. ಶಾಲೆಯ ಹಣ ತಿಂದನೆಂದು ಕಟ್ಟೆಯ ಮೇಲೆ ಕುಳಿತು ನನ್ನನ್ನು ಆಡಿಕೊಂಡವರೇ ಮೂರು ವರ್ಷದೊಳಗೆ ತಮ್ಮ ಮಕ್ಕಳನ್ನು ಹಳದಿ ವ್ಯಾನಿನಲ್ಲಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಕಳಿಸಿದರು. ಆಗ 140 ಮಕ್ಕಳಿದ್ದ ಶಾಲೆಯಲ್ಲಿ ಈಗ 43 ಜನ ಇದ್ದಾರೆಂದು ನೀನೇ ಹೇಳಿದ್ದೀಯೆ. ಶಾಲೆಯನ್ನು ಬಿಟ್ಟು ಹೋದವರಿಗೆ ಅದರ ಬಗ್ಗೆ ಮಾತನಾಡಲು ಬಾಯಿ ಇದೆ, ಅಲ್ಲೇ ಉಳಿದ ಕೂಲಿಯವರ ಮಕ್ಕಳ ಪರವಾಗಿ ಸಭೆಯಲ್ಲಿ ಕೂರಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಈ ನೋವು ನನಗೆ ಇನ್ನೂ ಇದೆ, ಮುಚ್ಚಿಡುವುದಿಲ್ಲ.

ಈಗ ಚೆಕ್ಕಿನ ಕಾಲ ಹೋಯಿತು, ಹಣವೆಲ್ಲ ಆನ್‌ಲೈನಿನಲ್ಲಿ ಹೋಗುತ್ತದೆ ಎಂದು ರವಿ ಹೇಳಬಹುದು. ಹೋಗಲಿ. ಆಗ ಚೆಕ್ಕು ಕೇಳಿದವರು ಈಗ ಮೊಬೈಲಿಗೆ ಬಂದ ಸಂಖ್ಯೆ ಹೇಳಿ ಎನ್ನುತ್ತಾರೆ, ವ್ಯತ್ಯಾಸ ಅಷ್ಟೇ. ಖಾಲಿ ಪುಟಕ್ಕೆ ಸಹಿ ಹಾಕಬೇಡ ಶೈಲಾ, ಯಾವ ಬಿಲ್ಲಿಗೆಂದು ಓದದೆ ಯಾರಿಗೂ ಒಟಿಪಿ ಹೇಳಬೇಡ. ಹೇಳಿದ್ದನ್ನೇ ಹೇಳುತ್ತಿದ್ದೇನೆ ಎಂದು ನಿನಗೆ ಅನ್ನಿಸಬಹುದು, ಆದರೂ ಇದೊಂದನ್ನು ನೀನು ಮರೆಯಬಾರದು.

ನೀನು ಕೇಳಿದ್ದು ನಿಲ್ಲಬೇಕೋ ಬೇಡವೋ ಎಂದು, ಅದನ್ನೇ ನಾನು ಇನ್ನೂ ಹೇಳಿಲ್ಲ. ನಿಲ್ಲು. ಖಂಡಿತ ನಿಲ್ಲು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಭಾಗ ತಂದೆ ತಾಯಂದಿರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು. ನಮ್ಮಲ್ಲಿ ಪೋಷಕರಿಂದ 18 ಜನರನ್ನು ಆರಿಸುತ್ತಾರೆ, ಅವರಲ್ಲಿ 9 ಜನ ಮಹಿಳೆಯರು. ಆ ಒಂಬತ್ತು ಹೆಸರನ್ನು ಬರೆದುಕೊಂಡು ಸಭೆಗೆ ಅವರ ಗಂಡಂದಿರನ್ನು ಕೂರಿಸುವ ಪದ್ಧತಿ ಸುತ್ತಮುತ್ತಲ ಊರುಗಳಲ್ಲಿ ಇದೆ. ರವಿ, ನೀನು ಕೇಳಿಸಿಕೊಳ್ಳುತ್ತಿದ್ದರೆ ನಿನಗೂ ಹೇಳಿದ್ದು ಇದು. ಸಭೆ ಇದ್ದ ದಿನ ನೀನು ಹಾಲು ಕರೆ, ಅವಳು ಶಾಲೆಗೆ ಹೋಗಲಿ.

ಇನ್ನು ಸೋಮವಾರದ ಕೆಲಸ. ಸಭೆಯಲ್ಲಿ ಹೆಸರು ಬರೆಸುವಾಗ ನಿನ್ನ ಮಗಳು ಪುಟ್ಟಿಯ ಪೋಷಕಿ ಎಂದು ಬರೆಸು. ಮಗ ಮನು ಏಳನೆಯ ತರಗತಿಯಲ್ಲಿದ್ದಾನೆ, ಬರುವ ಬೇಸಿಗೆಗೆ ಅವನು ಈ ಶಾಲೆ ಬಿಡುತ್ತಾನೆ, ಮಗು ಶಾಲೆ ಬಿಟ್ಟರೆ ಪೋಷಕರ ಸದಸ್ಯತ್ವವೂ ಹೋಗುತ್ತದೆ. ಅವನ ಹೆಸರಿನಲ್ಲಿ ಬರೆಸಿದರೆ ನಾಳೆ ತಕರಾರು ತೆಗೆಯುವವರು ಇದ್ದೇ ಇರುತ್ತಾರೆ. ಪುಟ್ಟಿ ಮೂರನೆಯ ತರಗತಿ, ನಿನಗೆ ಅವಧಿ ಪೂರ್ತಿ ಸಿಗುತ್ತದೆ. ಅಧ್ಯಕ್ಷೆಯೆಂದು ಆರಿಸಿದರೆ ಒಪ್ಪಿಕೋ, ಆದರೆ ಅಂದೇ, ಎಲ್ಲರೂ ಇರುವಾಗಲೇ, ಪಾಸ್‌ಬುಕ್, ನಗದು ಪುಸ್ತಕ ಮತ್ತು ದಾಸ್ತಾನು ಪುಸ್ತಕವನ್ನು ತರಿಸಿ ಇಂದಿಗೆ ಎಷ್ಟು ಉಳಿಕೆ ಇದೆಯೆಂದು ನಡಾವಳಿಯಲ್ಲಿ ಬರೆಯಿಸು. ಹಿಂದಿನವರ ಲೆಕ್ಕ ನಿನ್ನ ತಲೆಗೆ ಬರಬಾರದು. ಈಗಿನ ಮುಖ್ಯ ಶಿಕ್ಷಕರು ಒಳ್ಳೆಯವರೆಂದೇ ನಾನೂ ಕೇಳಿದ್ದೇನೆ, ಅವರೇ ಸಮಿತಿಯ ಕಾರ್ಯದರ್ಶಿ, ಅವರ ಮೇಲೆ ಅನುಮಾನಪಟ್ಟು ಕೇಳುವ ಅಗತ್ಯವಿಲ್ಲ. ನಮ್ಮ ದೊಡ್ಡಮಾವನ ಕಥೆ ನಿಮಗೂ ಗೊತ್ತಲ್ಲ ಸರ್, ನೋಡಿಯೇ ಸಹಿ ಹಾಕುತ್ತೇನೆ ಎಂದು ಹೇಳು, ಬೇಸರ ಮಾಡಿಕೊಳ್ಳುವುದಿಲ್ಲ. ನಡಾವಳಿಯನ್ನು ಜೋರಾಗಿ ಓದಿಸಿ, ಕೊನೆಯ ಸಾಲಿನ ಕೆಳಗೆ ಒಂದು ಗೆರೆ ಎಳೆದು, ಗೆರೆಗೆ ತಾಗಿದಂತೆ ಸಹಿ ಹಾಕು, ಮಧ್ಯೆ ಸೇರಿಸಲು ಜಾಗ ಇರಬಾರದು.

ಆಮೇಲೆ ವಾರಕ್ಕೊಂದು ದಿನ, ಹೇಳದೆ ಕೇಳದೆ, ಬಿಸಿಯೂಟದ ಹೊತ್ತಿಗೆ ಹೋಗು. ಮಕ್ಕಳ ಜೊತೆ ಒಂದು ತುತ್ತು ಊಟ ಮಾಡು, ಹಾಜರಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಎಷ್ಟು ಮೊಟ್ಟೆ ಬೇಯಿಸಿದ್ದಾರೆ, ಎಷ್ಟು ಬಾಳೆಹಣ್ಣು ಇದೆ ಎಂದು ಎಣಿಸು. ಅಡುಗೆಯವರಿಗೆ ಗೌರವವಿರಲಿ. ಆ ಹೊಸ ಕೊಠಡಿ, ಅಂದರೆ ನನ್ನ ಕಾಲದ್ದು, ಆಮೇಲೆ ಬಂದವರು ಮುಗಿಸಿದ್ದು, ಅದರ ಕಿಟಕಿಯ ಎಡಗಡೆ ಗೋಡೆ ಬಿರುಕು ಬಿಟ್ಟಿದೆ ಎಂದು ಹೋದ ಮಳೆಗಾಲದಲ್ಲಿ ಪುಟ್ಟಿ ಹೇಳಿದ್ದಳು. ಶಾಲಾ ಅಭಿವೃದ್ಧಿ ಯೋಜನೆ ಬರೆಯುವಾಗ ಅದರ ದುರಸ್ತಿಯನ್ನು ಎಲ್ಲಕ್ಕಿಂತ ಮೊದಲು ಸೇರಿಸು, ಅದರ ಕೆಳಗೆ ಮಕ್ಕಳು ಕೂರುತ್ತಾರೆ.

ಆಗಿನ ನೋಟಿಸು, ನಾನು ಕೊಟ್ಟ ಉತ್ತರ, ಹಣ ಕಟ್ಟಿದ ರಸೀದಿ ಎಲ್ಲವೂ ದೊಡ್ಡತ್ತೆಯ ಟ್ರಂಕಿನಲ್ಲಿ ಹಳದಿ ಚೀಲದಲ್ಲಿವೆ. ಭಾನುವಾರ ಸಂಜೆ ಪುಟ್ಟಿಯನ್ನು ಕರೆದುಕೊಂಡು ಬಾ, ತೆಗೆದಿಟ್ಟಿರುತ್ತೇನೆ. ಬರುವಾಗ ಕನ್ನಡಕದ ಅಂಗಡಿಯಲ್ಲಿ ನನ್ನ ಕನ್ನಡಕ ರಿಪೇರಿಯಾಗಿದೆಯೇ ಕೇಳಿ ತೆಗೆದುಕೊಂಡು ಬಾ, ಅದಿಲ್ಲದೆ ಆ ಕಾಗದಗಳನ್ನು ನಿನಗೆ ಓದಿ ಹೇಳಲಾರೆ.