ರಾತ್ರಿ ದೋಣಿ ನಿಲ್ಲಿಸುವುದಿಲ್ಲ ಅತ್ತೆ

ಅತ್ತೆ, ನಿನ್ನೆ ಗ್ರೂಪಿನಲ್ಲಿ ನೀವು ಕೇಳಿದ್ದನ್ನು ಈಗ ನೋಡಿದೆ. ಪುಟ್ಟಿಗೆ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಲು ಜಾಗ ಸಿಕ್ಕಿದೆ, ಮನೆಯಲ್ಲಿ ಎಲ್ಲರಿಗೂ ಭಯ. "ರಾತ್ರಿ ಹೊತ್ತು ದೋಣಿ ಎಲ್ಲಿ ನಿಲ್ಲಿಸ್ತಾರೆ? ಮಲಗೋದು ಯಾವಾಗ? ಊಟಕ್ಕೇನು?" ಅಂತ ಕೇಳಿದ್ದೀರಿ. ಅದೇ ದಾರಿಯಲ್ಲಿ ನಾನು ಹೋಗಿ ಬಂದವಳು, ಹಾಗಾಗಿ ನಾನೇ ಹೇಳಬೇಕು. ಸಕಲೇಶಪುರದಲ್ಲಿ ಮಳೆ ಜೋರಾಗಿದೆ, ಹಿಂದೆ ಹೆಂಚಿನ ಸದ್ದು ಕೇಳಿಸುತ್ತಿರಬಹುದು. ಈ ವಾಯ್ಸ್ ಮೆಸೇಜ್ ಉದ್ದ ಆಗುತ್ತೆ, ಕೆಲಸ ಮುಗಿಸಿಕೊಂಡು ಕೇಳಿ.

ರಾತ್ರಿ ನಿಲ್ಲಿಸುವುದೇ ಇಲ್ಲ ಅತ್ತೆ. ಲಂಗರು ಹಾಕೋಣ ಅಂದರೆ ನೆಲ ಸಿಗಬೇಕಲ್ವಾ? ನಡು ಸಮುದ್ರದಲ್ಲಿ ಬಹಳ ಕಡೆ ಆಳ ನಾಲ್ಕೈದು ಕಿಲೋಮೀಟರ್. ನಮ್ಮ ಮುಳ್ಳಯ್ಯನಗಿರಿಯಂಥ ಎರಡು ಬೆಟ್ಟ ಒಂದರ ಮೇಲೊಂದು ಇಟ್ಟರೂ ಮುಳುಗಿಹೋಗುತ್ತವೆ. ಹಾಗಾಗಿ ಹಗಲೂ ರಾತ್ರಿ ನಡೆಯುತ್ತಲೇ ಇರುತ್ತದೆ. ನಮ್ಮದು 40 ಅಡಿಯ ದೋಣಿ, ನಾಲ್ಕು ಜನ. ಸ್ಪೇನ್ ದೇಶದ ಕೆನರಿ ದ್ವೀಪದಿಂದ ಆಚೆ ದಡದ ಕೆರಿಬಿಯನ್ ದ್ವೀಪ ಬಾರ್ಬಡೋಸ್‌ಗೆ ಹತ್ತಿರ ಹತ್ತಿರ 5,000 ಕಿಲೋಮೀಟರ್. 22 ದಿನ ಹಿಡಿಯಿತು. ಗಂಟೆಗೆ ಒಂಬತ್ತು ಹತ್ತು ಕಿಲೋಮೀಟರ್, ಅಂದರೆ ಸೈಕಲ್ಲನ್ನು ನಿಧಾನಕ್ಕೆ ತುಳಿದ ಹಾಗೆ.

ಮಲಗುವುದು ಪಾಳಿಯಲ್ಲಿ. ಅಲ್ಲಿ ಅದಕ್ಕೆ ವಾಚ್ ಅನ್ನುತ್ತಾರೆ. ನಮಗೆ ಮೂರು ಮೂರು ಗಂಟೆ. ನನ್ನದು ರಾತ್ರಿ ಹನ್ನೆರಡರಿಂದ ಮೂರು. ಚುಕ್ಕಾಣಿ ಹಿಡಿದೇ ಕೂರಬೇಕು ಅಂತಿಲ್ಲ, ಗಾಳಿಯ ದಿಕ್ಕು ನೋಡಿಕೊಂಡು ತಾನೇ ತಿರುಗಿಸುವ ಒಂದು ಯಂತ್ರ ಹಿಂದುಗಡೆ ಇರುತ್ತದೆ, ಅದಕ್ಕೆ ಕರೆಂಟೂ ಬೇಡ. ಆದರೆ ಕಣ್ಣು ಬೇಕು. ದೂರದಲ್ಲಿ ಚುಕ್ಕೆಯಂಥ ಒಂದು ದೀಪ ಕಂಡರೆ, ಆ ದೊಡ್ಡ ಸರಕು ಹಡಗು ಇಪ್ಪತ್ತು ನಿಮಿಷದಲ್ಲಿ ನಮ್ಮ ಪಕ್ಕದಲ್ಲೇ ಇರಬಹುದು. ಅದಕ್ಕೇ ಹದಿನೈದು ನಿಮಿಷಕ್ಕೊಮ್ಮೆ ಎದ್ದು ಸುತ್ತಲೂ ನೋಡಲೇಬೇಕು. ಮೊದಲ ನಾಲ್ಕು ದಿನ ನಿದ್ದೆಗೆಟ್ಟು ಅತ್ತೇಬಿಟ್ಟಿದ್ದೆ. ಐದನೇ ದಿನ ಮೈ ಒಗ್ಗಿತು. ಆಮೇಲೆ ಆ ಮೂರು ಗಂಟೆ ಯಾರಿಗೂ ಬಿಟ್ಟುಕೊಡಬಾರದು ಅನ್ನಿಸುತ್ತಿತ್ತು. ದೋಣಿ ಸೀಳಿದ ನೀರು ಹಿಂದೆ ಹಸಿರಾಗಿ ಹೊಳೆಯುತ್ತದೆ. ಕಲಕಿದರೆ ಬೆಳಗುವ ಸಣ್ಣ ಸಣ್ಣ ಜೀವಿಗಳಂತೆ ಅವು. ಮಳೆ ಹಿಡಿಯುವ ಮುಂಚೆ ನಮ್ಮ ತೋಟದಲ್ಲಿ ಮಿಂಚುಹುಳ ಏಳುತ್ತವಲ್ಲ, ನನಗೆ ಅದೇ ನೆನಪಾಗುತ್ತಿತ್ತು.

ಊಟದ ವಿಷಯ. ಇದನ್ನು ಮಾವನಿಗೂ ಕೇಳಿಸಿ. ದೋಣಿಯಲ್ಲಿ ತರಕಾರಿ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಹಾಸನದವಳು ಅಂತ ಅವರಿಗೇನು ಗೊತ್ತು, ಆದರೆ 25 ಕಿಲೋ ಆಲೂಗಡ್ಡೆ ನನ್ನ ಕೈಗೇ ಕೊಟ್ಟರು! ಮಾವ ಜಲಂಧರದ ಬಿತ್ತನೆ ಆಲೂ ಬಂದಾಗ ಮೂಟೆ ಸುರಿದುಕೊಂಡು ಒಂದೊಂದನ್ನೇ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದರಲ್ಲ, ನಾನೂ ಹಾಗೇ ಮಾಡಿದೆ. ಎರಡು ದಿನಕ್ಕೊಮ್ಮೆ ಚೀಲ ಬಿಚ್ಚುವುದು, ಮೊದಲು ವಾಸನೆ ನೋಡುವುದು, ಆಮೇಲೆ ಒತ್ತುವುದು. ಮೆತ್ತಗಾದದ್ದನ್ನು ತೆಗೆಯದಿದ್ದರೆ ಪಕ್ಕದ್ದಕ್ಕೂ ಹತ್ತುತ್ತದೆ. ಬಿಸಿಲು ಬೀಳದ ಹಾಗೆ, ಗಾಳಿ ಆಡುವ ಹಾಗೆ ಇಟ್ಟೆ. ಬಾರ್ಬಡೋಸ್ ತಲುಪಿದಾಗ ಇನ್ನೂ ಆರು ಕಿಲೋ ಗಟ್ಟಿಯಾಗಿಯೇ ಇತ್ತು. ಟೊಮೆಟೊ ಕಾಯಿಯನ್ನೇ ತಗೊಂಡು ಪೇಪರಲ್ಲಿ ಸುತ್ತಿಟ್ಟಿದ್ದೆವು. ಸೊಪ್ಪು ಮೂರೇ ದಿನಕ್ಕೆ ಮುಗಿಯಿತು. ಆಗ ನೀವು ಕಳಿಸಿದ ಹುರುಳಿಕಾಳು, ಹೆಸರುಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿದೆ. ಆ ಸೆಖೆಗೆ ಒಂದೇ ರಾತ್ರಿಯಲ್ಲಿ ಮೊಳಕೆ. ಹದಿನಾರನೇ ದಿನ ನಡು ಸಮುದ್ರದಲ್ಲಿ ಹಸಿ ಮೊಳಕೆಕಾಳು ತಿಂದ ನಮ್ಮ ಸ್ಕಿಪ್ಪರ್, ಅಂದರೆ ದೋಣಿಯ ಯಜಮಾನಿಕೆ ಹೊತ್ತವರ ಮುಖ ನೀವು ನೋಡಬೇಕಿತ್ತು ಅತ್ತೆ.

ಒಲೆ ತೊಟ್ಟಿಲಿನ ಹಾಗೆ ತೂಗಾಡುತ್ತದೆ. ದೋಣಿ ವಾಲಿದರೂ ಪಾತ್ರೆ ನೆಟ್ಟಗೆ ನಿಲ್ಲಲಿ ಅಂತ. ಕುಕ್ಕರ್ ತುಂಬಾ ಒಳ್ಳೆಯದು, ಮುಚ್ಚಳ ಬಿಗಿಯಾಗಿರುತ್ತದೆ, ಬಿಸಿ ಚೆಲ್ಲುವುದಿಲ್ಲ. ನೀರು ಅಳೆದು ಬಳಸುವುದು, ಕುಡಿಯೋಕೆ, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ ಮೂರು ಲೀಟರ್. ಸ್ನಾನ ಉಪ್ಪು ನೀರಲ್ಲಿ, ಕೊನೆಗೆ ಒಂದು ಚೊಂಬು ಸಿಹಿ ನೀರು. ಉಪ್ಪು ನೀರು ತಾಗಿದ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ, ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಆಷಾಢ ನೋಡಿದವರಿಗೆ ಅದೇನು ಹೊಸದಲ್ಲ ಬಿಡಿ, ಒಲೆ ಮೇಲೆ ಬಟ್ಟೆ ಹರವೋಕೆ ಜಾಗ ಇಲ್ಲ ಅಷ್ಟೇ.

ಈಗ ಭಯದ ಮಾತು. ನಿಮ್ಮ ಭಯ ಸುಮ್ನೆ ಅಂತ ನಾನು ಹೇಳುವುದಿಲ್ಲ. ಆದರೆ ನೀವು ಬಿರುಗಾಳಿಗೆ ಹೆದರುತ್ತಿದ್ದೀರಿ, ನಾನು ಹೆದರಿದ್ದು ಆಯಾಸಕ್ಕೆ. ಒಂದು ರಾತ್ರಿ ಮುಂದಿನ ಹಾಯಿಯ ಹಗ್ಗ ಉಜ್ಜಿ ಉಜ್ಜಿ ಅರ್ಧ ಸವೆದಿತ್ತು. ಸಂಜೆ ಕೈಯಾಡಿಸಿ ನೋಡಬೇಕಾದವಳು ನಾನು, ಸುಸ್ತಾಗಿ ಬಿಟ್ಟಿದ್ದೆ. ಎರಡು ಗಂಟೆಗೆ ಪಟ್ಟನೆ ಹರಿಯಿತು, ಹಾಯಿ ಗುಡುಗಿದ ಹಾಗೆ ಬಡಿಯತೊಡಗಿತು. ಸ್ಕಿಪ್ಪರ್ ಎದ್ದು ಬಂದವರು ಮೊದಲು ಹಾಯಿ ನೋಡಲಿಲ್ಲ, ನನ್ನ ಎದೆಯ ಬೆಲ್ಟಿನ ಕೊಕ್ಕೆ ದೋಣಿಗೆ ಸಿಕ್ಕಿಸಿದೆಯಾ ಅಂತ ಕೈಹಾಕಿ ನೋಡಿದರು. ಯಾಕೆ ಗೊತ್ತಾ? ಬಿದ್ದವರನ್ನು ಬಿಟ್ಟು ಆ ನಿಧಾನದ ದೋಣಿಯೂ ಒಂದು ನಿಮಿಷದಲ್ಲಿ 150 ಮೀಟರ್ ಮುಂದೆ ಹೋಗಿರುತ್ತದೆ. ಕತ್ತಲಲ್ಲಿ, ಅಲೆಯ ನಡುವೆ ಒಂದು ತಲೆ ಹುಡುಕುವುದು ಎಷ್ಟು ಕಷ್ಟ ಹೇಳಿ.

"ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ" ಅಂತ ಚಿಕ್ಕಪ್ಪ ಹಾಕಿದ್ದನ್ನೂ ನೋಡಿದೆ. ಚಿಕ್ಕಪ್ಪ, ನಮ್ಮ ನೌಕಾಪಡೆಯ ಡಿಲ್ನಾ ಮತ್ತು ರೂಪಾ, ಇಬ್ಬರೇ ಇಬ್ಬರು, ತಾರಿಣಿ ಅನ್ನುವ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟು ಇಡೀ ಭೂಮಿ ಸುತ್ತಿಕೊಂಡು 2025ರ ಮೇ ಕೊನೆಯಲ್ಲಿ ವಾಪಸ್ ಬಂದರು. ದಾರಿಯಲ್ಲಿ ನಿಂತದ್ದು ನಾಲ್ಕೇ ಬಂದರಿನಲ್ಲಿ. ಇಬ್ಬರೇ ಅಂದರೆ ಒಬ್ಬರು ಎದ್ದಿರುವಾಗ ಮತ್ತೊಬ್ಬರು ಮಲಗಬೇಕು, ಎಂಟು ತಿಂಗಳು. ದಯವಿಟ್ಟು ಆ ಮಾತು ಪುಟ್ಟಿಯ ಮುಂದೆ ಆಡಬೇಡಿ.

ಅತ್ತೆ, ಹೂಂ ಅನ್ನುವ ಮುಂಚೆ ಆ ದೋಣಿಯವರನ್ನು ನೀವೇ ಫೋನಲ್ಲಿ ಕೇಳಿ. ಎಷ್ಟು ಜನ, ಎಷ್ಟು ಗಂಟೆಯ ಪಾಳಿ, ರಾತ್ರಿ ಕೊಕ್ಕೆ ಹಾಕುವುದು ಕಡ್ಡಾಯವಾ, ಸ್ಕಿಪ್ಪರ್ ಈ ಮೊದಲು ಎಷ್ಟು ಸಲ ದಾಟಿದ್ದಾರೆ. ಸರಿಯಾಗಿ ಉತ್ತರ ಕೊಡದಿದ್ದರೆ ಆ ದೋಣಿ ಬೇಡ, ಬೇರೆ ಹುಡುಕೋಣ, ನಾನೂ ಜೊತೆಗಿರುತ್ತೇನೆ. ಕೊಟ್ಟರೆ ಪುಟ್ಟಿಯನ್ನು ಒಂದು ವಾರ ಸಕಲೇಶಪುರಕ್ಕೆ ಕಳಿಸಿ. ಕತ್ತಲಲ್ಲಿ ಕಣ್ಣು ಮುಚ್ಚಿಕೊಂಡು ಗಂಟು ಹಾಕುವುದನ್ನು ಕಲಿಸುತ್ತೇನೆ. ಬರುವಾಗ ಒಂದು ಸೇರು ಹುರುಳಿಕಾಳು ಕೊಟ್ಟು ಕಳಿಸಿ, ಅದು ಅವಳ ಜೊತೆಗೇ ಹೋಗಲಿ.