ಟೈಪ್ ಒನ್ ಮಧುಮೇಹ ಮತ್ತು ದೂರದ ಸೈಕಲ್ ಸವಾರಿ: ವೈದ್ಯರೊಂದಿಗೆ ಪ್ರಶ್ನೋತ್ತರ

ಸದಸ್ಯ, ಹಾಸನ: ನಮಸ್ಕಾರ ಡಾಕ್ಟರೇ. ನಾನು ದಿನಕ್ಕೆ ನಾಲ್ಕು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ಮೊದಲ ಬಾರಿಗೆ 100 ಕಿ.ಮೀ. ಸವಾರಿಗೆ ಹೊರಟಿದ್ದೇನೆ. ದಾರಿಯಲ್ಲಿ ಎಷ್ಟು ತಿನ್ನಬೇಕು?

ವೈದ್ಯರು: ಹೊರಡುವಾಗ ರಕ್ತದ ಸಕ್ಕರೆ ಪ್ರಮಾಣ 126ರಿಂದ 180ರ (ಮಿ.ಗ್ರಾಂ/ಡೆ.ಲೀ.) ನಡುವೆ ಇರಲಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗುತ್ತದೆ. ಹಸಿವಾಗುವವರೆಗೆ ಕಾಯದೆ, ಇಪ್ಪತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಮಧ್ಯಮ ಗಾತ್ರದ ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಯಾಲಕ್ಕಿ ಬಾಳೆಯಲ್ಲಿ ಅದರ ಅರ್ಧದಷ್ಟು. ತಿಂಡಿ ತಿಂದ ಒಂದೆರಡು ಗಂಟೆಯೊಳಗೆ ಹೊರಡುವುದಾದರೆ ಆ ತಿಂಡಿಯ ಇನ್ಸುಲಿನ್ನನ್ನು ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಇಳಿಸಬೇಕಾಗಬಹುದು. ಎಷ್ಟು ಎಂಬುದನ್ನು ನಿಮ್ಮ ವೈದ್ಯರೊಂದಿಗೆ ಕುಳಿತು ಗೊತ್ತುಮಾಡಿಕೊಳ್ಳಿ. ಆ ದಿನ ತೊಡೆಗೆ ಚುಚ್ಚಿಕೊಳ್ಳಬೇಡಿ. ದುಡಿಯುವ ಸ್ನಾಯುವಿನ ಬಳಿ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ.

ಸದಸ್ಯೆ, ಶಿವಮೊಗ್ಗ: ಸಕ್ಕರೆ ಅಳೆಯುವ ತೋಳಿನ ಸೆನ್ಸರ್ 95 ತೋರಿಸುತ್ತಿದ್ದಾಗಲೇ ನನಗೆ ಕೈ ನಡುಗುತ್ತಿತ್ತು. ಯಾವುದನ್ನು ನಂಬಬೇಕು?

ವೈದ್ಯರು: ಕೈ ನಡುಕವನ್ನು. ಸವಾರಿಯ ವೇಳೆ ಸೆನ್ಸರ್ ರಕ್ತಕ್ಕಿಂತ ಹಿಂದೆ ಬೀಳುತ್ತದೆ. ಇಳಿದು, ಗ್ಲುಕೋಸ್ ತಿಂದು, ಬೆರಳು ಚುಚ್ಚಿ ನೋಡಿ.

ಸದಸ್ಯ, ಬೆಂಗಳೂರು: ಡಾಕ್ಟರೇ, ಕಳೆದ ತಿಂಗಳು 200 ಕಿ.ಮೀ. ಬ್ರೆವೆಗೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಹೋಗಿದ್ದೆ. ದಾರಿಯಲ್ಲಿ ಸಕ್ಕರೆ ಇಳಿಯಬಾರದೆಂದು ಹಿಂದಿನ ರಾತ್ರಿಯ ದೀರ್ಘಾವಧಿಯ ಇನ್ಸುಲಿನ್ ಗ್ಲಾರ್ಜಿನ್ ಪೂರ್ತಿ ಬಿಟ್ಟೆ. ಬೆಳಿಗ್ಗೆ 290 ಇತ್ತು, ತುಳಿದರೆ ಇಳಿಯುತ್ತದೆ ಎಂದುಕೊಂಡೆ. ಮಳವಳ್ಳಿ ದಾಟುವಾಗ ಹೊಟ್ಟೆನೋವು, ವಾಂತಿ. ಬಿಸಿಲಿನಿಂದ ಎಂದು ಎಲ್ಲರೂ ಹೇಳಿದರು. ಈ ಶನಿವಾರ 300 ಕಿ.ಮೀ. ಇದೆ. ಗ್ಲಾರ್ಜಿನ್ ಅರ್ಧ ತೆಗೆದುಕೊಳ್ಳಲೇ?

ವೈದ್ಯರು: ಮೊದಲು ಒಂದು ಮಾತು: ಈ ಶನಿವಾರ ಹೋಗಬೇಡಿ. ನೀವು ಬರೆದಿರುವುದು ಬಿಸಿಲಿನ ತೊಂದರೆಗಿಂತ ಹೆಚ್ಚಾಗಿ ಕೀಟೋನ್ (ಕೊಬ್ಬು ಕರಗಿದಾಗ ರಕ್ತಕ್ಕೆ ಸೇರುವ ಆಮ್ಲ) ಏರಿದ ಲಕ್ಷಣದಂತೆ ಕಾಣುತ್ತದೆ. ತುಳಿದರೆ ಸಕ್ಕರೆ ಇಳಿಯುವುದು ದೇಹದಲ್ಲಿ ಇನ್ಸುಲಿನ್ ಇದ್ದಾಗ ಮಾತ್ರ. ಅದು ಇಲ್ಲದಿದ್ದರೆ ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತಲೇ ಇರುತ್ತದೆ, ಸ್ನಾಯುಗಳು ಅದನ್ನು ಸರಿಯಾಗಿ ಬಳಸಿಕೊಳ್ಳಲಾರವು, ಕೊಬ್ಬು ಕರಗಿ ಕೀಟೋನ್ ಆಗುತ್ತದೆ, ಶ್ರಮ ಹೆಚ್ಚಿದಷ್ಟೂ ಎರಡೂ ಏರುತ್ತವೆ. ವಾಂತಿಯಾದ ಮೇಲೆ ನೀರೂ ನಿಲ್ಲುವುದಿಲ್ಲ. ಆ ಸ್ಥಿತಿಯಿಂದ ತುರ್ತು ಚಿಕಿತ್ಸಾ ಘಟಕ ಸೇರುವಂತಾಗಲು ಬಹಳ ಹೊತ್ತು ಬೇಕಿಲ್ಲ.

ಬೆಳಿಗ್ಗೆ ಸಕ್ಕರೆ 270 ದಾಟಿದ್ದು ಕಾರಣ ತಿಳಿಯದಿದ್ದರೆ ಕೀಟೋನ್ ನೋಡಲೇಬೇಕು. ರಕ್ತದಲ್ಲಿ ಕೀಟೋನ್ 1.5 (ಮಿಲಿಮೋಲ್/ಲೀ.) ಅಥವಾ ಹೆಚ್ಚಿದ್ದರೆ ಸೈಕಲ್ ಮುಟ್ಟಬೇಡಿ. 3 ಮುಟ್ಟಿದರೆ ಆಸ್ಪತ್ರೆಗೆ ಹೋಗಿ. ದೀರ್ಘಾವಧಿಯ ಇನ್ಸುಲಿನ್ನನ್ನು ದೂರದ ಸವಾರಿಗೆಂದು ಶೇ. 20ರ ಆಸುಪಾಸು ಇಳಿಸುವುದುಂಟು, ಅದೂ ವೈದ್ಯರ ಲೆಕ್ಕದಂತೆ; ಪೂರ್ತಿ ಬಿಡುವುದು ಎಂದಿಗೂ ಇಲ್ಲ. ಇನ್ನು 300 ಕಿ.ಮೀ.ಗೆ 20 ಗಂಟೆ ಮಿತಿ, ಅಂದರೆ ಕತ್ತಲಲ್ಲಿ ತುಳಿಯಬೇಕಾಗುತ್ತದೆ. ಮುಗಿಸಿ ಮಲಗಿದ ಮೇಲೆ, ಸ್ನಾಯುಗಳು ಖಾಲಿಯಾದ ಸಕ್ಕರೆಯ ಸಂಗ್ರಹವನ್ನು ತುಂಬಿಕೊಳ್ಳುವಾಗ, ನಿದ್ದೆಯಲ್ಲೇ ಸಕ್ಕರೆ ಕುಸಿಯಬಹುದು. ಆ ರಾತ್ರಿ ಒಬ್ಬರೇ ಮಲಗಬೇಡಿ. ನಿಮ್ಮ ಜೊತೆ ತುಳಿಯುವವರಲ್ಲಿ ಯಾರಿಗಾದರೂ ನಿಮ್ಮ ಕಾಯಿಲೆಯ ವಿಷಯ ಗೊತ್ತೇ?

ಸದಸ್ಯ, ತುಮಕೂರು: ಬೇರೆ ಗುಂಪಿನಿಂದ ಬಂದದ್ದು: ಹಾಗಲಕಾಯಿ ರಸದ ಜೊತೆ ಇನ್ಸುಲಿನ್ ಗಿಡದ ಎಲೆ ತಿಂದರೆ 40 ದಿನಗಳಲ್ಲಿ ಚುಚ್ಚುಮದ್ದು ಬಿಡಬಹುದಂತೆ.

ವೈದ್ಯರು: ಟೈಪ್ ಒನ್‌ನಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳೇ ನಾಶವಾಗಿರುತ್ತವೆ. ಆ ಗಿಡದ ಹೆಸರಿನಲ್ಲಿ ಇನ್ಸುಲಿನ್ ಇದೆ, ಎಲೆಯಲ್ಲಿಲ್ಲ. ಇದನ್ನು ನಂಬಿ ಚುಚ್ಚುಮದ್ದು ಬಿಟ್ಟವರು ಕೆಲವೇ ದಿನಗಳಲ್ಲಿ ಸಾಯಬಹುದು. ದಯವಿಟ್ಟು ಅಳಿಸಿ.

ಸದಸ್ಯ, ತುಮಕೂರು: ನಮ್ಮ ಅತ್ತೆಗೆ ಗುಣವಾಗಿದೆ.

ವೈದ್ಯರು: ನಿಮ್ಮ ಅತ್ತೆಯವರಿಗೆ ಇರುವುದು ಟೈಪ್ ಟೂ, ಅಂದರೆ ದೇಹದಲ್ಲಿ ಇನ್ನೂ ಇನ್ಸುಲಿನ್ ತಯಾರಾಗುವ ಬಗೆ, ಇರಬೇಕು. ಅಳಿಸಿ ಎಂದೆ.

ಸದಸ್ಯ, ದಾವಣಗೆರೆ: ಇಷ್ಟೆಲ್ಲ ಸಕ್ಕರೆ ತಿನ್ನಿಸುವುದೇ ತಪ್ಪು. ಅನ್ನ, ಬಾಳೆ ಬಿಟ್ಟು ತುಪ್ಪ, ಬಾದಾಮಿ ತಿಂದು ದೇಹವನ್ನು ಕೊಬ್ಬಿಗೆ ಒಗ್ಗಿಸಿದರೆ ದಾರಿಯಲ್ಲಿ ಏನೂ ಬೇಡ.

ಸದಸ್ಯ, ಹುಬ್ಬಳ್ಳಿ: ನಿಮಗೆ ಟೈಪ್ ಒನ್ ಇದೆಯೇ?

ಸದಸ್ಯ, ದಾವಣಗೆರೆ: ಇಲ್ಲ, ಆದರೆ ಸಾಕಷ್ಟು ಓದಿದ್ದೇನೆ. ಇಂಥ ಕಾಯಿಲೆಯವರು ಇಷ್ಟು ದೂರ ಹೋಗುವುದೇ ಹಟ.

ಸದಸ್ಯ, ಹುಬ್ಬಳ್ಳಿ: ಟೀಮ್ ನೋವೋ ನಾರ್ಡಿಸ್ಕ್ ಎಂಬ ವೃತ್ತಿಪರ ತಂಡದ ಸವಾರರಿಗೆಲ್ಲ ಟೈಪ್ ಒನ್ ಇದೆ, ಹತ್ತಿರ ಹತ್ತಿರ 300 ಕಿ.ಮೀ. ಉದ್ದದ ಮಿಲಾನ್–ಸಾನ್ ರೆಮೋ ಸ್ಪರ್ಧೆಯಲ್ಲಿ ಅವರು ತುಳಿದಿದ್ದಾರೆ. ಹಟವನ್ನು ಅವರಿಗೆ ಹೇಳಿ. ಓದಿದ್ದು ಸಾಲದು.

ಸದಸ್ಯ, ದಾವಣಗೆರೆ: ಮಾತು ಮಿತಿಯಲ್ಲಿರಲಿ.

ವೈದ್ಯರು: ಇಬ್ಬರೂ ನಿಲ್ಲಿಸಿ. ಸಕ್ಕರೆ 60ಕ್ಕೆ ಇಳಿದವನಿಗೆ ಬಾದಾಮಿ ಕೊಟ್ಟರೆ ಅದರ ಕೊಬ್ಬಿನಿಂದ ಜೀರ್ಣವೇ ನಿಧಾನವಾಗುತ್ತದೆ. ಆಗ ಬೇಕಾದದ್ದು 15 ಗ್ರಾಂ ಗ್ಲುಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಚಿಕ್ಕಿಯೂ ಚಾಕೊಲೇಟೂ ಆಗದು.

ಸದಸ್ಯೆ, ಕಲಬುರಗಿ: ನಮ್ಮಲ್ಲಿ 40 ಡಿಗ್ರಿ ಬಿಸಿಲು. ಹ್ಯಾಂಡಲ್ ಬ್ಯಾಗಿನಲ್ಲಿ ಇನ್ಸುಲಿನ್ ಪೆನ್ ಕೆಡದಂತೆ ಹೇಗೆ ಇಡುವುದು?

ಸದಸ್ಯ, ಮಂಡ್ಯ: ಗಂಟೆಗೆ ಎಷ್ಟು ತಿನ್ನಬೇಕು ಡಾಕ್ಟರೇ?

ವೈದ್ಯರು: ಮೊದಲ ಉತ್ತರ ಓದಿ.

ಸದಸ್ಯೆ, ಕಲಬುರಗಿ: ನನ್ನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಸದಸ್ಯ, ಬೆಂಗಳೂರು: ಜೊತೆಯವರಿಗೆ ಗೊತ್ತಿಲ್ಲ ಡಾಕ್ಟರೇ, ಹೇಳಿದರೆ ಕರೆದುಕೊಂಡು ಹೋಗಲಾರರು ಎಂಬ ಭಯ. 300ಕ್ಕೆ ಹಣ ಕಟ್ಟಿಬಿಟ್ಟಿದ್ದೇನೆ.

ವೈದ್ಯರು: ಹಣ ಹೋಗಲಿ. ನಾಳೆ ಒಂದು ತಿಂಗಳ ಸಕ್ಕರೆಯ ದಾಖಲೆ ಹಿಡಿದು ನಿಮ್ಮ ವೈದ್ಯರ ಬಳಿ ಹೋಗಿ, ಬರುವಾಗ ಕೀಟೋನ್ ಪರೀಕ್ಷೆಯ ಪಟ್ಟಿ ಕೊಂಡುಕೊಳ್ಳಿ. ಜೊತೆಯವರಿಗೆ ಇಂದೇ ಹೇಳಿ; ನೀವು ಬಿದ್ದಾಗ ಜೇಬಿನಲ್ಲಿರುವ ಗ್ಲುಕೋಸ್ ಯಾತಕ್ಕೆಂದು ಅವರಿಗೆ ತಿಳಿದಿರಬೇಕು, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದೆಂಬುದೂ ತಿಳಿದಿರಬೇಕು.