ಪ್ರಶ್ನೋತ್ತರ: ಕರ್ಚೀಫು ಕಪ್ಪಾಗದಿದ್ದರೆ ರಬ್ಬರ್ ಕಾರ್ಖಾನೆಯ ಗಾಳಿ ಶುದ್ಧವೇ?

ಪ್ರಶ್ನೆ (ತಾರಿಹಾಳ, ಹುಬ್ಬಳ್ಳಿ):
ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ವಾಹನಗಳ ಬುಶ್ ಮತ್ತು ಗ್ಯಾಸ್ಕೆಟ್ ತಯಾರಿಸುವ ಸಣ್ಣ ರಬ್ಬರ್ ಕಾರ್ಖಾನೆಯಲ್ಲಿ ಒಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮೊದಲ ಆರು ವರ್ಷ ರಬ್ಬರಿಗೆ ಪುಡಿಗಳನ್ನು ಬೆರೆಸುವ ಮಿಕ್ಸಿಂಗ್ ಮಿಲ್ ಮೇಲಿದ್ದೆ, ಈಗ ರಬ್ಬರನ್ನು ಕಾಯಿಸಿ ಅಚ್ಚು ಒತ್ತುವ ಮೋಲ್ಡಿಂಗ್ ಪ್ರೆಸ್ ಮೇಲಿದ್ದೇನೆ. ಮಿಲ್‌ನಲ್ಲಿದ್ದಾಗ ಮನೆಗೆ ಹೋಗಿ ಮೂಗು ಸೀಟಿದರೆ ಕರ್ಚೀಫು ಕಪ್ಪಾಗುತ್ತಿತ್ತು. ಈಗ ಹಾಗೆ ಆಗದ ಕಾರಣ ಅಪಾಯ ಕಳೆಯಿತೆಂದು ತಿಳಿದಿದ್ದೆ. ಆದರೆ ಪ್ರೆಸ್ ತೆರೆದಾಗಲೆಲ್ಲ ಏಳುವ ಹೊಗೆಗೆ ಕಣ್ಣು ಉರಿಯುತ್ತದೆ. ಎರಡು ತಿಂಗಳಿಂದ ಕೆಮ್ಮು ಬಿಟ್ಟಿಲ್ಲ. ಗೋಡೆಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್ ಇದೆ, ಬಟ್ಟೆಯ ಮಾಸ್ಕ್ ಕೊಟ್ಟಿದ್ದಾರೆ. ಇಷ್ಟು ಸಾಕೇ?

ಉತ್ತರ (ಔದ್ಯೋಗಿಕ ಆರೋಗ್ಯ ವೈದ್ಯರು):
ನಮಸ್ಕಾರ. ಸಾಲದು. ಮೊದಲು ಕೆಮ್ಮಿನ ಮಾತು. ಎರಡು ವಾರ ಮೀರಿದ ಕೆಮ್ಮು ಯಾವುದೇ ಇರಲಿ, ಕ್ಷಯವಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಆದ್ದರಿಂದ ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಗೋ ಹತ್ತಿರದ ಬೇರೆ ಸರ್ಕಾರಿ ಆಸ್ಪತ್ರೆಗೋ ಹೋಗಿ ಕಫ ಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸಿ, ಉಸಿರಿನ ಬಲ ಅಳೆಯುವ ಸ್ಪೈರೋಮೆಟ್ರಿಯನ್ನೂ ಕೇಳಿ. ವಾರದ ರಜೆಯ ದಿನ ಕೆಮ್ಮು ಇಳಿದು ಮರುದಿನದ ಪಾಳಿಯಲ್ಲಿ ಏರುತ್ತದೆಯೇ ಎಂಬುದನ್ನು ಒಂದು ತಿಂಗಳು ಬರೆದಿಡಿ. ಕೆಲಸವೇನೆಂದು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಬೀಡಿ ಸೇದುತ್ತೀರಾ ಎಂದು ಕೇಳುವುದನ್ನು ನಾವು ವೈದ್ಯರು ಮರೆಯುವುದಿಲ್ಲ, ದುಡಿಯುವ ಜಾಗದ ಬಗ್ಗೆ ಕೇಳುವುದನ್ನು ಮರೆಯುತ್ತೇವೆ.

ಇನ್ನು ನಿಮ್ಮ ಕರ್ಚೀಫು. ಮಿಲ್‌ನಲ್ಲಿ ಅದನ್ನು ಕಪ್ಪಾಗಿಸಿದ್ದು ಕಾರ್ಬನ್ ಬ್ಲ್ಯಾಕ್, ಅಂದರೆ ರಬ್ಬರಿಗೆ ಬೆರೆಸುವ ಮಸಿಯಂಥ ಪುಡಿ. ಅದು ಕಣ್ಣಿಗೆ ಕಾಣುವ ವೈರಿ. ಪ್ರೆಸ್‌ನಲ್ಲಿ ಸುಮಾರು 150ರಿಂದ 180 ಡಿಗ್ರಿ ಶಾಖಕ್ಕೆ ಗಂಧಕ, ಎಣ್ಣೆ ಹಾಗೂ ರಬ್ಬರ್ ಬೇಗ ಹದಕ್ಕೆ ಬರಲು ಬೆರೆಸುವ ಆಕ್ಸಿಲರೇಟರ್‌ಗಳು ಆವಿಯಾಗಿ, ಹೊರಗಿನ ಗಾಳಿಗೆ ತಣಿದು, ಅತಿ ಸಣ್ಣ ಕಣಗಳಾಗಿ ತೇಲುತ್ತವೆ. ನೀವು ನೋಡುವ ಹೊಗೆ ಇದೇ. ಟಿಎಂಟಿಡಿಯಂಥ ಕೆಲವು ಆಕ್ಸಿಲರೇಟರ್‌ಗಳು ಒಡೆದಾಗ ಕ್ಯಾನ್ಸರ್‌ಕಾರಕ ನೈಟ್ರೋಸಮೈನ್‌ಗಳೂ ಹುಟ್ಟುತ್ತವೆ. ಬ್ರಿಟನ್ನಿನಲ್ಲಿ ಎಂಟು ಗಂಟೆಯ ಸರಾಸರಿಗೆ ರಬ್ಬರ್ ಧೂಳಿನ ಮಿತಿ ಘನ ಮೀಟರಿಗೆ 6 ಮಿಲಿಗ್ರಾಂ ಇದ್ದರೆ, ರಬ್ಬರ್ ಹೊಗೆಯ ಮಿತಿ 0.6 ಮಿಲಿಗ್ರಾಂ ಮಾತ್ರ, ಅಂದರೆ ಹತ್ತರಲ್ಲೊಂದು ಪಾಲು. ಕಪ್ಪು ಕಾಣದ ಜಾಗದಲ್ಲೇ ಕಟ್ಟುನಿಟ್ಟು ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರಬ್ಬರ್ ತಯಾರಿಕೆಯ ಕೆಲಸವನ್ನೇ ಮನುಷ್ಯರಿಗೆ ಕ್ಯಾನ್ಸರ್ ತರುವ ಒಂದನೇ ಗುಂಪಿಗೆ ಸೇರಿಸಿದೆ. ಮೂತ್ರಕೋಶ, ಶ್ವಾಸಕೋಶ, ಜಠರ ಮತ್ತು ರಕ್ತದ ಕ್ಯಾನ್ಸರ್‌ಗಳ ಹೆಸರು ಅದರಲ್ಲಿವೆ. ಇದನ್ನು ಓದಿ ಗಾಬರಿಯಾಗಬೇಡಿ: ಮೂತ್ರಕೋಶದ ಕ್ಯಾನ್ಸರಿಗೆ ಮುಖ್ಯ ಕಾರಣವಾಗಿದ್ದ ನ್ಯಾಫ್ಥೈಲಮೈನ್ ಎಂಬ ರಾಸಾಯನಿಕ ಬೆರೆತ ಸಾಮಗ್ರಿಯನ್ನು ಬ್ರಿಟನ್ನಿನ ಕಾರ್ಖಾನೆಗಳು 1949ರಲ್ಲೇ ಕೈಬಿಟ್ಟವು. ಆದರೆ ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ ಸರಿ, ಅದೇ ವಾರ ತೋರಿಸಿ.

ಗೋಡೆಯ ಫ್ಯಾನಿನ ವಿಷಯ. ದೀಪವನ್ನು ಒಂದು ಮೊಳ ದೂರದಿಂದ ಊದಿ ಆರಿಸಬಹುದು. ಅಷ್ಟೇ ದೂರದಿಂದ ಉಸಿರು ಒಳಗೆಳೆದು ಆರಿಸಿ ನೋಡಿ, ಆಗುವುದಿಲ್ಲ. ಹೀರುವ ಗಾಳಿಯ ಬಲ ಕೊಳವೆಯ ಬಾಯಿಯಿಂದ ಅದರ ಅಗಲದಷ್ಟು ದೂರ ಹೋಗುವಷ್ಟರಲ್ಲಿ ಹೆಚ್ಚು ಕಡಿಮೆ ಹತ್ತನೇ ಒಂದಕ್ಕೆ ಇಳಿದಿರುತ್ತದೆ. ಹೀಗಿರುವಾಗ ಇಪ್ಪತ್ತು ಅಡಿ ಆಚೆಯ ಫ್ಯಾನು ಹೊಗೆಯನ್ನು ಹಿಡಿಯಲಾರದು, ನಿಮ್ಮ ಮುಖದ ಮುಂದಿನಿಂದಲೇ ಮೆಲ್ಲಗೆ ಸಾಗಿಸುತ್ತದೆ. ಪ್ರೆಸ್ಸಿನ ಹಿಂದೆ ಮತ್ತು ಎರಡೂ ಬದಿಗೆ ತಗಡಿನ ಮರೆ ಕಟ್ಟಿ, ಅದಕ್ಕೇ ಹೊಗೆ ಹೀರುವ ಹುಡ್ (ಕೊಳವೆಗೆ ಜೋಡಿಸಿದ ಮುಚ್ಚಿಗೆ) ಕೂಡಿಸಬೇಕು. ಪರೀಕ್ಷಿಸಲು ಒಂದು ಊದುಬತ್ತಿ ಸಾಕು: ಪ್ರೆಸ್ಸಿನ ಬಾಯಿಯ ಬಳಿ ಹಿಡಿದಾಗ ಹೊಗೆ ಹುಡ್ ಕಡೆಗೆ ಬಾಗದೆ ನಿಮ್ಮ ಕಡೆ ಬಂದರೆ ಕೆಲಸ ಕೆಟ್ಟಿದೆ. ಬೆಂಕಿ ಹತ್ತುವ ರಬ್ಬರ್ ಸೊಲ್ಯೂಷನ್ (ಅಂಟು) ಡಬ್ಬಿ ಹತ್ತಿರವಿದ್ದರೆ ಮಾತ್ರ ಬತ್ತಿ ಹಚ್ಚಬೇಡಿ.

ಬಟ್ಟೆಯ ಮಾಸ್ಕ್ ಧೂಳು, ಹೊಗೆ ಎರಡಕ್ಕೂ ಉಪಯೋಗವಿಲ್ಲ. ಎನ್-95 ಮಿಲ್ಲಿನ ಧೂಳಿಗೆ ಸರಿ, ಆವಿಗಲ್ಲ. ಹುಡ್ ಬರುವವರೆಗೆ ಪ್ರೆಸ್ ಮೇಲೆ ಕಣಗಳ ಫಿಲ್ಟರು, ಆವಿಯ ಕಾರ್ಟ್ರಿಜ್ ಎರಡೂ ಇರುವ ಅರ್ಧ ಮುಖದ ರೆಸ್ಪಿರೇಟರ್ ಬೇಕು. ಗಡ್ಡವಿದ್ದರೆ ಅದೂ ಸರಿಯಾಗಿ ಕೂರದು.

ಪ್ರಶ್ನೆ (ಗದಗ):
ಸರ್, ನಾನು ಟಯರ್ ರಿಸೋಲಿಂಗ್ ಅಂಗಡಿಯಲ್ಲಿ ದಿನವೆಲ್ಲ ರಬ್ಬರ್ ಸೊಲ್ಯೂಷನ್ ಹಚ್ಚುತ್ತೇನೆ. ಈಚೆಗೆ ಕಾಲ್ಬೆರಳು ಜೋಮು ಹಿಡಿದಂತಿರುತ್ತವೆ. ಸಕ್ಕರೆ ಕಾಯಿಲೆ ಇಲ್ಲ.

ಉತ್ತರ:
ಸೊಲ್ಯೂಷನ್‌ನಲ್ಲಿ ಹೆಕ್ಸೇನ್ ಎಂಬ ದ್ರಾವಕ ಇದ್ದರೆ ಅದರ ಆವಿ ನರಗಳನ್ನು ಕೆಡಿಸುತ್ತದೆ. ಜೋಮು ಪಾದದ ಬೆರಳುಗಳಿಂದಲೇ ಶುರುವಾಗುತ್ತದೆ. ತಡಮಾಡದೆ ನರರೋಗ ವೈದ್ಯರನ್ನು ಕಾಣಿ, ಡಬ್ಬಿಯ ಲೇಬಲ್‌ನ ಫೋಟೊ ಜೊತೆಗಿರಲಿ. ಅಲ್ಲಿಯವರೆಗೆ ಹಚ್ಚುವ ಕೆಲಸ ಬೇಡ.

ಪ್ರಶ್ನೆ (ಧಾರವಾಡ, ಸಣ್ಣ ಘಟಕದ ಮಾಲೀಕರು):
ಹುಡ್ಡಿಗೆ ಈ ವರ್ಷ ನನ್ನ ಬಳಿ ಹಣವಿಲ್ಲ. ಅಲ್ಲಿಯವರೆಗೆ ಏನು ಮಾಡಲಿ?

ಉತ್ತರ:
ಪುಡಿ ಆಕ್ಸಿಲರೇಟರ್ ಬಿಟ್ಟು ರಬ್ಬರಿನಲ್ಲೇ ಬೆರೆಸಿದ ಗುಳಿಗೆ ರೂಪದ್ದನ್ನು ತರಿಸಿ. ಕಾರ್ಬನ್ನನ್ನು ಮೊದಲೇ ತೂಗಿ, ಮಿಲ್ಲಿನಲ್ಲಿ ಕರಗುವ ಪ್ಲಾಸ್ಟಿಕ್ ಚೀಲದಲ್ಲಿಯೇ ಹಾಕಿಸಿ, ಚೀಲ ಕೊಡವುವುದು ತಪ್ಪುತ್ತದೆ. ಪಾಳಿ ಮುಗಿದ ಮೇಲೆ ಹುಡುಗರು ಕಂಪ್ರೆಸರ್ ಗಾಳಿಯಿಂದ ಅಂಗಿ ಕೊಡವಿಕೊಳ್ಳುವುದನ್ನು ಇವತ್ತೇ ನಿಲ್ಲಿಸಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.